ಕೀಲುಸವೆತವೂ ಆನುವಂಶಿಕತೆಯೂ

ಹೊಸಪೇಟೆಯಿಂದ ಕಂಪ್ಲಿಯ ಕಡೆಗೆ ಹೋಗುವಾಗ, ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುವ ಗದ್ದೆಗಳಲ್ಲಿ ಹೆಂಗಸರು ಸಾಲಾಗಿ ನಿಂತು, ಸೊಂಟ ಬಗ್ಗಿಸಿ, ಕೆಸರಿನಲ್ಲಿ ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ಸಸಿ ನೆಡುವುದನ್ನು ನಾಟಿಯ ದಿನಗಳಲ್ಲಿ ಯಾರು ಬೇಕಾದರೂ ನೋಡಬಹುದು. ಸಂಡೂರಿನ ಬೆಟ್ಟಗಳಲ್ಲಿ ಒಂದು ಕಾಲಕ್ಕೆ ಕಬ್ಬಿಣದ ಅದಿರನ್ನು ಸುತ್ತಿಗೆಯಿಂದ ಒಡೆದು ಬುಟ್ಟಿಯಲ್ಲಿ ಹೊತ್ತವರು ಇಂದು ಮುದುಕರಾಗಿದ್ದಾರೆ. ಅದೇ ಸಂಡೂರಿನ ಲಂಬಾಣಿ ಹೆಂಗಸರು ದಿನವಿಡೀ ಸೂಜಿ ಹಿಡಿದು ಕಸೂತಿ ಹಾಕುತ್ತಾರೆ. ಹಂಪೆಯಲ್ಲಿ ಮತಂಗ ಪರ್ವತದ ಕಲ್ಲುಮೆಟ್ಟಿಲುಗಳನ್ನು ಯಾತ್ರಿಕರು ಏರಿಳಿಯುತ್ತಾರೆ. ಕೆಳಗೆ ಹೊಳೆಯಲ್ಲಿ ಅಂಬಿಗರು ಹರಿಗೋಲು ನಡೆಸುತ್ತಾರೆ. ಒಬ್ಬೊಬ್ಬರ ದುಡಿಮೆ ಒಂದೊಂದು ಕೀಲಿನ ಮೇಲೆ ಬೀಳುತ್ತದೆ. ವಯಸ್ಸಾದ ಮೇಲೆ ಕೀಲು ನೋಯತೊಡಗಿದರೆ, “ದುಡಿದು ದುಡಿದು ಸವೆದು ಹೋಗಿದೆ” ಎಂಬುದು ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಉತ್ತರ.

ಉತ್ತರ ಸುಳ್ಳೇನೂ ಅಲ್ಲ. ಆದರೆ ಅದರಿಂದ ಬಿಡಿಸಲಾಗದ ಒಗಟು ಒಂದುಂಟು. ಒಂದೇ ಗದ್ದೆಯಲ್ಲಿ ನಲವತ್ತು ವರ್ಷ ಒಟ್ಟಿಗೆ ನಾಟಿ ಹಾಕಿದ ಇಬ್ಬರಲ್ಲಿ ಒಬ್ಬಳು ಅರವತ್ತರಲ್ಲಿ ಮೊಣಕಾಲು ಮಡಚಲಾರಳು. ಮತ್ತೊಬ್ಬಳು ಎಂಬತ್ತರಲ್ಲೂ ಕುಕ್ಕರುಗಾಲಿನಲ್ಲಿ ಕುಳಿತು ರೊಟ್ಟಿ ತಟ್ಟುತ್ತಾಳೆ. ಅಜ್ಜಿಗೂ ತಾಯಿಗೂ ಮೊಣಕಾಲು ನೋವಿರುವ ಮನೆಯ ಹುಡುಗಿ, “ನಾಳೆ ನನಗೂ ಇದೇ ಗತಿಯೇ?” ಎಂದು ಕೇಳಿದರೆ ಏನು ಹೇಳಬೇಕು? ಕೀಲುಸವೆತ ವಂಶದಿಂದ ಬರುವುದೆ? ಬರುವುದಾದರೆ ಎಲ್ಲ ಕೀಲುಗಳಿಗೂ ಒಟ್ಟಾಗಿ ಬರುವುದೆ, ಅಥವಾ ಒಂದೊಂದು ಕೀಲಿಗೂ ಬೇರೆಬೇರೆ ದಾರಿಯುಂಟೆ? ಈ ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಮೊದಲು ಕೀಲಿನ ರಚನೆಯನ್ನು ತಿಳಿಯಬೇಕು. ಎರಡು ಮೂಳೆಗಳು ಸೇರುವೆಡೆಯಲ್ಲಿ ಅವುಗಳ ತುದಿಗಳನ್ನು ಮೃದ್ವಸ್ಥಿಯೆಂಬ ನುಣುಪಾದ ಪದರ ಮುಚ್ಚಿರುತ್ತದೆ. ಮೊಣಕಾಲಿನಲ್ಲಿ ಇದರ ದಪ್ಪ ಕೆಲವೇ ಮಿಲಿಮೀಟರು. ಇದರಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಕೊಲ್ಲಾಜೆನ್ ಎಂಬ ನಾರಿನ ಬಲೆ, ಆ ಬಲೆಯೊಳಗೆ ನೀರನ್ನು ಹಿಡಿದಿಡುವ ದೊಡ್ಡ ಅಣುಗಳು, ನಡುನಡುವೆ ವಿರಳವಾಗಿ ಹರಡಿದ ಜೀವಕೋಶಗಳು—ಇಷ್ಟೇ ಅದರ ಸಂಪತ್ತು. ರಕ್ತದ ಸಂಪರ್ಕವಿಲ್ಲದುದರಿಂದ ಒಮ್ಮೆ ಹರಿದರೆ ಅದು ಚರ್ಮದಂತೆ ಬೇಗನೆ ಕೂಡಿಕೊಳ್ಳುವುದಿಲ್ಲ. ಆಸ್ಟಿಯೋ ಆರ್ಥ್ರೈಟಿಸ್ ಎಂದು ವೈದ್ಯರು ಕರೆಯುವ ಕೀಲುಸವೆತದಲ್ಲಿ ಈ ಪದರ ತೆಳುವಾಗುತ್ತದೆ, ಅದರಡಿಯ ಮೂಳೆ ಗಡುಸಾಗುತ್ತದೆ, ಅಂಚಿನಲ್ಲಿ ಮೂಳೆಯ ಮುಳ್ಳುಗಳು ಏಳುತ್ತವೆ, ಕೀಲಿನ ಒಳಪೊರೆ ಊದಿಕೊಳ್ಳುತ್ತದೆ. ಸವೆತವೆಂಬ ಹೆಸರು ರೂಢಿಯಲ್ಲಿದ್ದರೂ, ಕೀಲಿನ ಜೀವಕೋಶಗಳು ತಪ್ಪುತಪ್ಪಾಗಿ ದುರಸ್ತಿ ಮಾಡಿಕೊಳ್ಳುವ ಕೆಲಸವೂ ಅದರಲ್ಲಿ ಸೇರಿದೆ.

ಬರಿಯ ಸವೆತವೇ ಕಾರಣವಾಗಿದ್ದರೆ ಮೊದಲು ಕೆಡಬೇಕಾದುದು ಕಾಲಗಿಣ್ಣಿನ ಕೀಲು. ನಾವು ನಿಂತಾಗ ಮೊಣಕಾಲಿನ ಮೇಲೆ ಬೀಳುವ ಭಾರವೆಲ್ಲ ಅದರ ಮೇಲೂ ಬೀಳುತ್ತದೆ. ಭಾರ ಹೊರುವ ಅದರ ಮೈಯಾದರೋ ಮೊಣಕಾಲಿನದಕ್ಕಿಂತ ಚಿಕ್ಕದು. ಹೀಗಿದ್ದರೂ ಕಾಲಗಿಣ್ಣಿನಲ್ಲಿ ಈ ರೋಗ ಕಾಣುವುದು ಅಪರೂಪ. ಕಂಡರೂ ಬಹುಮಟ್ಟಿಗೆ ಹಿಂದೆಂದೋ ಮೂಳೆ ಮುರಿದವರಲ್ಲಿ. ಇತ್ತ ಯಾವ ಭಾರವನ್ನೂ ಹೊರದ ಬೆರಳುಗಳ ತುದಿಗೀಲುಗಳಲ್ಲಿಯೋ ರೋಗ ಸರ್ವೇಸಾಮಾನ್ಯ. ಭಾರದ ಲೆಕ್ಕವೊಂದೇ ಸಾಲದೆಂದು ಇದರಿಂದ ಸ್ಪಷ್ಟವಾಗುತ್ತದೆ.

ಆನುವಂಶಿಕತೆಯ ಸುಳಿವು ಮೊದಲು ದೊರೆತದ್ದೂ ಈ ಬೆರಳುಗಳಲ್ಲಿಯೇ. ಬೆರಳಿನ ತುದಿಗೀಲಿನ ಪಕ್ಕದಲ್ಲಿ ಬಟಾಣಿಯಷ್ಟು ಗಾತ್ರದ ಗಟ್ಟಿ ಗಂಟುಗಳು ಏಳುವುದನ್ನು ಹದಿನೆಂಟನೆಯ ಶತಮಾನದ ಆಂಗ್ಲ ವೈದ್ಯ ವಿಲಿಯಂ ಹೆಬರ್ಡನ್ ವರ್ಣಿಸಿದ್ದನು. ಇಂದಿಗೂ ಅವು ಹೆಬರ್ಡನ್ನನ ಗಂಟುಗಳೆಂದೇ ಪ್ರಸಿದ್ಧ. 1940ರ ದಶಕದಲ್ಲಿ ಅಮೆರಿಕದ ಸ್ಟೆಚರ್ ಎಂಬ ವೈದ್ಯನು ಈ ಗಂಟುಗಳು ತಾಯಿ, ಮಗಳು, ಅಕ್ಕತಂಗಿಯರಲ್ಲಿ ಒಟ್ಟಾಗಿ ಕಾಣಿಸುತ್ತವೆಂದು ತೋರಿಸಿಕೊಟ್ಟನು.

ಆದರೆ ಒಂದು ಮನೆಯವರಿಗೆಲ್ಲ ಒಂದೇ ಬೇನೆ ಬಂದಿತೆಂದ ಮಾತ್ರಕ್ಕೆ ಅದು ರಕ್ತದಿಂದ ಬಂದಿತೆನ್ನುವಂತಿಲ್ಲ. ಒಂದು ಮನೆಯವರು ಒಂದೇ ಒಲೆಯ ಅಡುಗೆ ಉಣ್ಣುತ್ತಾರೆ, ಒಂದೇ ಹೊಲದಲ್ಲಿ ದುಡಿಯುತ್ತಾರೆ. ರಕ್ತವನ್ನೂ ಒಲೆಯನ್ನೂ ಬೇರ್ಪಡಿಸಲು ವಿಜ್ಞಾನಿಗಳು ಅವಳಿಗಳ ಮೊರೆಹೊಗುತ್ತಾರೆ. ಅವಳಿಗಳಲ್ಲಿ ಎರಡು ಬಗೆ: ಒಂದೇ ಅಂಡ ಇಬ್ಭಾಗವಾಗಿ ಹುಟ್ಟಿದವರು ತದ್ರೂಪಿಗಳು, ಅವರ ಆನುವಂಶಿಕ ದ್ರವ್ಯವೂ ಒಂದೇ, ಎರಡು ಅಂಡಗಳಿಂದ ಹುಟ್ಟಿದವರು ಸಾಧಾರಣ ಒಡಹುಟ್ಟಿದವರಷ್ಟೇ ಹೋಲುವವರು. ಎರಡೂ ಬಗೆಯವರು ಬೆಳೆಯುವುದು ಒಂದೊಂದು ಮನೆಯಲ್ಲಿ. ಹೀಗಿರುವಾಗ ತದ್ರೂಪಿಗಳಲ್ಲಿ ರೋಗದ ಸಾಮ್ಯ ಹೆಚ್ಚಾಗಿ ಕಂಡರೆ ಆ ಹೆಚ್ಚಳ ರಕ್ತದ ಪಾಲು. 1996ರಲ್ಲಿ ಲಂಡನ್ನಿನ ಸ್ಪೆಕ್ಟರ್ ಮತ್ತು ಸಂಗಡಿಗರು 130 ಜೊತೆ ತದ್ರೂಪಿ ಅವಳಿ ಹೆಂಗಸರನ್ನೂ 120 ಜೊತೆ ಸಾಧಾರಣ ಅವಳಿಗಳನ್ನೂ ಎಕ್ಸ್‌ಕಿರಣಗಳಿಂದ ಪರೀಕ್ಷಿಸಿ, ಕೈ ಮತ್ತು ಮೊಣಕಾಲುಗಳ ಕೀಲುಸವೆತದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಶೇಕಡಾ 39ರಿಂದ 65ರಷ್ಟು ಭಾಗ ಆನುವಂಶಿಕವೆಂದು ಲೆಕ್ಕಹಾಕಿದರು. ಈ ಅಂಕಿಯನ್ನು ತಪ್ಪಾಗಿ ಓದುವವರೇ ಹೆಚ್ಚು. ತಾಯಿಗೆ ರೋಗವಿದ್ದರೆ ಮಗಳಿಗೆ ನೂರಕ್ಕೆ ಅಷ್ಟು ಪಾಲು ಬಂದೇ ತೀರುವುದೆಂದು ಇದರ ಅರ್ಥವಲ್ಲ. ಒಂದು ಜನಸಮೂಹದಲ್ಲಿ ಒಬ್ಬರಿಗೂ ಮತ್ತೊಬ್ಬರಿಗೂ ಇರುವ ಭೇದಕ್ಕೆ ಜೀನುಗಳು ಎಷ್ಟರಮಟ್ಟಿಗೆ ಕಾರಣವೆಂಬುದನ್ನಷ್ಟೆ ಅದು ಹೇಳುತ್ತದೆ.

ರಕ್ತವೋ ಒಲೆಯೋ ಎಂಬ ಈ ಪ್ರಶ್ನೆ ಕರ್ನಾಟಕದಲ್ಲಿಯೇ ಒಮ್ಮೆ ಬಹು ಕಠಿನವಾದ ರೂಪದಲ್ಲಿ ಎದುರಾಯಿತು. ಹೊಸಪೇಟೆಯ ತುಂಗಭದ್ರಾ ಜಲಾಶಯಕ್ಕೆ ಬಂದು ಸೇರುವ ನೀರಿನಲ್ಲಿ ವರದಾ ನದಿಯ ನೀರೂ ಉಂಟು. ಆ ವರದೆಯ ಹುಟ್ಟೂರು ಮಲೆನಾಡಿನ ಸಾಗರದ ಸಮೀಪದ ವರದಾಮೂಲ. ಅದೇ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಹಳ್ಳಿಯಿದೆ. 1970ರ ದಶಕದ ನಡುವಿನಲ್ಲಿ ಈ ಹಳ್ಳಿಯಲ್ಲಿಯೂ ಸುತ್ತಿನ ಹಳ್ಳಿಗಳಲ್ಲಿಯೂ ವಿಚಿತ್ರವಾದ ಕೀಲುಬೇನೆಯೊಂದು ಹೊರಗಿನವರ ಗಮನಕ್ಕೆ ಬಂದಿತು. ಬೇನೆಗೆ ಒಳಗಾದವರು ಗದ್ದೆಗಳಲ್ಲಿ ಕೂಲಿಮಾಡಿ ಬದುಕುವ ಬಡ ದಲಿತ ಕುಟುಂಬಗಳವರು. ಮುದುಕರಿಗೆ ಬರಬೇಕಾದ ಕೀಲುಸವೆತ ಇವರಲ್ಲಿ ಹುಡುಗರಿಗೂ ಪ್ರಾಯದವರಿಗೂ ಬಂದಿತ್ತು. ನೋವು ಮೊದಲಾಗುತ್ತಿದ್ದುದು ಮುಖ್ಯವಾಗಿ ಸೊಂಟದ ಕೀಲಿನಲ್ಲಿ. ಬರಬರುತ್ತ ನಡಿಗೆ ಕುಂಟಾಗಿ, ಕೋಲು ಹಿಡಿದು, ಕೊನೆಗೆ ನೆಲದ ಮೇಲೆ ತೆವಳುವ ಸ್ಥಿತಿಗೂ ಕೆಲವರು ಬಂದರು.

ಜನರ ಸಂಶಯ ಮೊದಲು ಹೋದದ್ದು ಊಟದ ಕಡೆಗೆ. ಬಡವರು ಗದ್ದೆಯ ಏಡಿಗಳನ್ನು ಹಿಡಿದು ತಿನ್ನುತ್ತಿದ್ದರು. ಗದ್ದೆಗಳಿಗೆ ಹೊಸದಾಗಿ ಕೀಟನಾಶಕಗಳನ್ನು ಸಿಂಪಡಿಸುವ ಕಾಲ ಅದು. ವಿಷವುಂಡ ಏಡಿಯನ್ನು ತಿಂದುದರಿಂದಲೇ ಬೇನೆ ಬಂದಿತೆಂಬ ಊಹೆ ಬಲವಾಗಿ ಹಬ್ಬಿತು. ಊಹೆ ಅಸಂಗತವಾದುದಲ್ಲ, ಪರೀಕ್ಷಿಸಲು ಯೋಗ್ಯವಾದುದೇ ಆಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ ಅವರು ಈ ಪ್ರದೇಶದಲ್ಲಿ ಅಧ್ಯಯನ ನಡೆಸಿ 1977ರಲ್ಲಿ ವರದಿ ಪ್ರಕಟಿಸಿದಾಗ ಬೇನೆಗೆ ಕೊಟ್ಟ ಹೆಸರಿನಲ್ಲಿ “ಮಲೆನಾಡಿನ ಕೌಟುಂಬಿಕ ಸಂಧಿವಾತ” ಎಂಬ ಅರ್ಥವಿತ್ತು. ಕೌಟುಂಬಿಕವೆಂಬ ಆ ಒಂದು ವಿಶೇಷಣದಲ್ಲಿಯೇ ಮುಂದಿನ ದಾರಿ ಅಡಗಿತ್ತೆಂದು ಹೇಳಬಹುದು.

ಮುಂದೆ ಲಕ್ನೋದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ಎಸ್. ಎಸ್. ಅಗರವಾಲರೂ ಅವರ ಸಂಗಡಿಗರೂ ಈ ಕುಟುಂಬಗಳ ವಂಶವೃಕ್ಷಗಳನ್ನೂ ಎಕ್ಸ್‌ಕಿರಣ ಚಿತ್ರಗಳನ್ನೂ ಪರಿಶೀಲಿಸಿದರು. ವಂಶವೃಕ್ಷವನ್ನು ಓದುವ ರೀತಿಯನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಪ್ರತಿಯೊಂದು ಜೀನಿನ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ, ಒಂದು ತಂದೆಯದು, ಒಂದು ತಾಯಿಯದು. ಒಂದೇ ಪ್ರತಿ ಕೆಟ್ಟರೂ ರೋಗ ಬರುವುದಾದರೆ ಅದನ್ನು ಪ್ರಬಲವೆನ್ನುತ್ತಾರೆ. ಆಗ ರೋಗ ಒಂದು ತಲೆಮಾರನ್ನೂ ಬಿಡದೆ ಇಳಿದು ಬರುತ್ತದೆ. ಗಂಡುಹೆಣ್ಣೆಂಬ ಭೇದವಿಲ್ಲದೆ ಪ್ರತಿ ಮಗುವಿಗೂ ಅದು ತಗಲುವ ಸಂಭವ ಎರಡರಲ್ಲಿ ಒಂದು. ವಿಷದ ಏಡಿಗೆ ಇಂಥ ಲೆಕ್ಕಾಚಾರ ತಿಳಿಯದು. ಹಂದಿಗೋಡಿನ ಬೇನೆ ಪ್ರಬಲವಾಗಿ ಇಳಿಯುವ, ಮೂಳೆಗಳ ಬೆಳವಣಿಗೆಯನ್ನೇ ಕೆಡಿಸುವ ಆನುವಂಶಿಕ ವಿಕಾರವೆಂದು 1994ರಲ್ಲಿ ಪ್ರಕಟವಾದ ಅವರ ಲೇಖನ ಹೇಳಿತು. ಕೆಲವರಲ್ಲಿ ಎತ್ತರ ಸಾಮಾನ್ಯವಾಗಿದ್ದು ಸೊಂಟದ ಕೀಲು ಮಾತ್ರ ಕೆಟ್ಟಿರುತ್ತಿತ್ತು. ಕೆಲವರಲ್ಲಿ ಬೆನ್ನೆಲುಬೂ ಚಪ್ಪಟೆಯಾಗಿ ಮುಂಡ ಗಿಡ್ಡವಾಗಿತ್ತು. ಇನ್ನು ಕೆಲವರು ಹುಟ್ಟಿನಿಂದಲೇ ಬೆಳವಣಿಗೆ ಕುಂಠಿತವಾಗಿ ಕುಳ್ಳಾಗಿದ್ದರು. ದಕ್ಷಿಣ ಆಫ್ರಿಕದ ಜುಲು ನಾಡಿನಲ್ಲಿ ಮ್ಸೆಲೆನಿ ಎಂಬ ಊರಿನ ಸುತ್ತ 1970ರ ವೇಳೆಗೆ ಇಂಥದೇ ಕೌಟುಂಬಿಕ ಕೀಲುಬೇನೆ ವರದಿಯಾಗಿತ್ತು. 1997ರಲ್ಲಿ ಎರಡು ದೇಶಗಳ ವೈದ್ಯರು ಎರಡು ಬೇನೆಗಳನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡಿದರು. ಸಾವಿರಾರು ಮೈಲಿ ದೂರದ ಎರಡು ಬಡ ಹಳ್ಳಿಗಳ ಹೆಸರುಗಳು ವೈದ್ಯಶಾಸ್ತ್ರದ ಪುಟದಲ್ಲಿ ಜೊತೆಗೂಡಿದ್ದು ಹೀಗೆ.

ನಾವು ಗಮನಿಸಬೇಕಾದ ಸಂಗತಿ ಬೇರೊಂದಿದೆ. ಹಂದಿಗೋಡಿನ ದೋಷವನ್ನು ಹೊತ್ತವರ ಮೈಯ ಪ್ರತಿ ಜೀವಕೋಶದಲ್ಲಿಯೂ ಆ ದೋಷವಿದೆ. ಹಾಗಿದ್ದೂ ಮೊದಲ ಏಟು ಬೀಳುವುದು ಸೊಂಟದ ಕೀಲಿಗೆ. ದೋಷ ಎಲ್ಲೆಡೆ ಇದ್ದು ಕೇಡು ಒಂದೆಡೆ ಏಕೆ?

ಇದಕ್ಕೆ ಉತ್ತರವನ್ನು ಭ್ರೂಣದಲ್ಲಿ ಹುಡುಕಬೇಕು. ಗರ್ಭದಲ್ಲಿ ಕೈಕಾಲುಗಳು ಮೊದಲು ಅಖಂಡವಾದ ಮೃದ್ವಸ್ಥಿಯ ಕಡ್ಡಿಗಳಂತಿರುತ್ತವೆ. ಕೀಲು ಬರಬೇಕಾದೆಡೆಯಲ್ಲಿ ಅಡ್ಡಪಟ್ಟಿಯೊಂದು ಮೂಡಿ, ಅಲ್ಲಿ ಕಡ್ಡಿ ಸೀಳಿ, ಎರಡು ತುದಿಗಳೂ ಒಂದಕ್ಕೊಂದು ಹೊಂದುವ ಆಕಾರ ತಾಳುತ್ತವೆ. ಈ ಪಟ್ಟಿಯಲ್ಲಿ ಚುರುಕಾಗುವ ಜೀನುಗಳಲ್ಲಿ ಒಂದರ ಹೆಸರು ಜಿ.ಡಿ.ಎಫ್.-5, ಮನುಷ್ಯನಲ್ಲಿ ಇದು ಇಪ್ಪತ್ತನೆಯ ವರ್ಣತಂತುವಿನ ಮೇಲಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕಿಂಗ್ಸ್‌ಲಿಯವರ ತಂಡ 2016ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ಒಂದು ಸೊಗಸಾದ ವ್ಯವಸ್ಥೆಯನ್ನು ಹೊರಗೆಡಹಿತು. ಈ ಜೀನು ಒಂದೇ ಆದರೂ ಅದನ್ನು ಚುರುಕುಗೊಳಿಸುವ ಗುಂಡಿಗಳು ಹಲವು, ಅವು ಜೀನಿನ ಹಿಂದುಮುಂದಿನ ಡಿ.ಎನ್.ಎ. ಎಳೆಯ ಉದ್ದಕ್ಕೂ ಹರಡಿವೆ. ಒಂದು ಗುಂಡಿ ಕೆಲವು ಕೀಲುಗಳಿಗೆ, ಇನ್ನೊಂದು ಬೇರೆ ಕೆಲವಕ್ಕೆ. ದೊಡ್ಡ ಮನೆಯೊಂದರಲ್ಲಿ ವಿದ್ಯುತ್ತು ಒಂದೇ ತಂತಿಯಿಂದ ಬಂದರೂ ಪಡಸಾಲೆಗೂ ಅಡುಗೆಮನೆಗೂ ಬೇರೆಬೇರೆ ಗುಂಡಿಗಳಿರುವುದಿಲ್ಲವೆ, ಹಾಗೆ. ಅಡುಗೆಮನೆಯ ಗುಂಡಿ ಕೆಟ್ಟರೆ ಪಡಸಾಲೆಯ ದೀಪ ಆರುವುದಿಲ್ಲ.

ಈ ಜೀನಿನ ಬಳಿಯಿರುವ ಒಂದೇ ಒಂದು ಅಕ್ಷರದ ವ್ಯತ್ಯಾಸ ಕೀಲುಸವೆತದೊಡನೆ ಸೇರಿಕೊಂಡಿದೆಯೆಂದು ಜಪಾನಿನ ಇಕೆಗಾವಾ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಅವರು ಅದನ್ನು ಕಂಡದ್ದು ಜಪಾನೀಯರ ಸೊಂಟದ ಕೀಲುಸವೆತದಲ್ಲಿ. ಯೂರೋಪಿನವರಲ್ಲಿ ಹುಡುಕಿದಾಗ ಅದರ ಪ್ರಭಾವ ಮೊಣಕಾಲಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕಂಡಿತು. ಆದರೆ ಇಂಥ ಒಂದು ವ್ಯತ್ಯಾಸದ ಬಲ ಬಹಳ ಅಲ್ಪ. ಮೊಣಕಾಲಿನ ಅಪಾಯವನ್ನು ಅದು ಹೆಚ್ಚಿಸುವುದು ನೂರಕ್ಕೆ ಹತ್ತಿಪ್ಪತ್ತರಷ್ಟು ಮಾತ್ರ. ಹಂದಿಗೋಡಿನಲ್ಲಿ ಒಂದೇ ಜೀನು ಕಾಲನ್ನೇ ಮುರಿಯಿತು; ಸಾಮಾನ್ಯ ಕೀಲುಸವೆತದಲ್ಲಿ ನೂರಾರು ಜೀನುಗಳು ಒಂದೊಂದು ಹಿಡಿ ಮಣ್ಣು ಹಾಕುತ್ತವೆ. ಈ ಅಂತರವನ್ನು ಮರೆತು ಮಾತನಾಡುವುದರಿಂದಲೇ “ಜೀನು” ಎಂಬ ಶಬ್ದಕ್ಕೆ ಜನ ಅನಗತ್ಯವಾಗಿ ಹೆದರುವುದು.

ಇತರ ಕೀಲುಗಳ ವಿಷಯದಲ್ಲಿ ಐಸ್‌ಲೆಂಡಿನಿಂದ ಒಳ್ಳೆಯ ಮಾಹಿತಿ ಬಂದಿದೆ. ಆ ಪುಟ್ಟ ದ್ವೀಪದಲ್ಲಿ ವಂಶಾವಳಿಗಳು ಶತಮಾನಗಳಿಂದ ಬರೆದಿಟ್ಟವು. 2014ರಲ್ಲಿ ಅಲ್ಲಿನ ವಿಜ್ಞಾನಿಗಳು ಕೈಯ ತೀವ್ರ ಕೀಲುಸವೆತದೊಡನೆ ಸೇರಿದ ಜೀನೊಂದನ್ನು ಗುರುತಿಸಿದರು. ‘ಎ’ ಜೀವಸತ್ವದಿಂದ ರೆಟಿನಾಯಿಕ್ ಆಮ್ಲವನ್ನು ತಯಾರಿಸುವ ಕಿಣ್ವ ಅದರ ಕೂಸು. 2017ರಲ್ಲಿ ಸೊಂಟದ ಕೀಲನ್ನು ಬದಲಾಯಿಸಿಕೊಂಡವರಲ್ಲಿ ಮೃದ್ವಸ್ಥಿಯ ಪ್ರೋಟೀನೊಂದರ ಅಪರೂಪದ ದೋಷ ಸಿಕ್ಕಿತು. ಕೈಗೊಂದು ದಾರಿ, ಸೊಂಟಕ್ಕೊಂದು ದಾರಿ. 2021ರಲ್ಲಿ 8,26,690 ಜನರ ಡಿ.ಎನ್.ಎ. ಮಾಹಿತಿಯನ್ನು ಒಟ್ಟುಗೂಡಿಸಿದ ಅಂತರರಾಷ್ಟ್ರೀಯ ತಂಡವೊಂದು ನೂರು ಇಂಥ ವ್ಯತ್ಯಾಸಗಳನ್ನು ಪಟ್ಟಿಮಾಡಿ, ಭಾರ ಹೊರುವ ಕೀಲುಗಳಿಗೂ ಹೊರದ ಕೀಲುಗಳಿಗೂ ಆನುವಂಶಿಕ ಭೇದವಿದೆಯೆಂದು ಸಾರಿತು. 2025ರಲ್ಲಿ ಲೆಕ್ಕ ಇನ್ನೂ ಬೆಳೆದು, ಸುಮಾರು ಹತ್ತೊಂಬತ್ತು ಲಕ್ಷ ಅರವತ್ತೆರಡು ಸಾವಿರ ಜನರಿಂದ 962 ವ್ಯತ್ಯಾಸಗಳು ದೊರೆತವು. ಈ ಜನರಲ್ಲಿ ಬಹುಪಾಲು ಯೂರೋಪಿನ ಮೂಲದವರು. ಕಂಪ್ಲಿಯ ಮೊಣಕಾಲಿಗೆ ಆ ಪಟ್ಟಿಯನ್ನು ಹಾಗೆಯೇ ಅನ್ವಯಿಸಲು ನಾವು ಸಿದ್ಧರಿಲ್ಲ.

ಸಿದ್ಧರಿಲ್ಲವೆನ್ನುವುದಕ್ಕೆ ಕಾರಣವುಂಟು. ಕೀಲುಸವೆತದ ಭೂಗೋಳವೇ ದೇಶದಿಂದ ದೇಶಕ್ಕೆ ಬೇರೆ. ಚೀನದ ಬೀಜಿಂಗ್ ನಗರದ ಮುದುಕಿಯರನ್ನು ಅಮೆರಿಕದ ಬಿಳಿಯ ಮುದುಕಿಯರೊಡನೆ ಹೋಲಿಸಿ 2001 ಮತ್ತು 2002ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ, ಬೀಜಿಂಗಿನವರಿಗೆ ಮೊಣಕಾಲಿನ ರೋಗ ಹೆಚ್ಚು, ಆದರೆ ಸೊಂಟದ ಕೀಲಿನ ರೋಗ ಅಮೆರಿಕದವರದರ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ನಮ್ಮ ದೇಶದಲ್ಲಿಯೂ ವೈದ್ಯರ ಬಳಿಗೆ ಬರುವ ಮೊಣಕಾಲುಗಳೇ ಹೆಚ್ಚು, ಸೊಂಟದ ಕೀಲುಗಳು ಕಡಿಮೆ. ಸೊಂಟದ ಗೂಡಿನ ಆಕಾರ ವಂಶದಿಂದ ಬರುತ್ತದೆ. ಕುಕ್ಕರುಗಾಲಿನಲ್ಲಿ ಕೂರುವ ರೂಢಿ ಮನೆಯಿಂದ ಬರುತ್ತದೆ. ದೀರ್ಘಕಾಲ ಕುಕ್ಕರಿಸುವವರಲ್ಲಿ ಮೊಣಕಾಲಿನ ರೋಗ ಹೆಚ್ಚೆಂದು ಬೀಜಿಂಗಿನ ಅಧ್ಯಯನವೇ ತೋರಿಸಿತು.

ದುಡಿಮೆಯ ಪಾಲನ್ನು ನಾವು ಅಲ್ಲಗಳೆಯುತ್ತಿಲ್ಲ. 1952ರಲ್ಲಿ ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಅವರು ಕಲ್ಲಿದ್ದಲ ಗಣಿಯ ಕೆಲಸಗಾರರಲ್ಲಿ ಮೊಣಕಾಲಿನ ಸವೆತ ಇತರರಿಗಿಂತ ಹೆಚ್ಚೆಂದು ಕಂಡರು. 1978ರಲ್ಲಿ ಅಮೆರಿಕದ ವರ್ಜೀನಿಯದ ಉಣ್ಣೆಯ ಗಿರಣಿಯೊಂದರಲ್ಲಿ ನಡೆದ ಅಧ್ಯಯನ ಇನ್ನೂ ಸ್ವಾರಸ್ಯಕರ: ಬೆರಳ ತುದಿಯಿಂದ ನೂಲಿನ ಗಂಟು ತೆಗೆಯುವ ಹೆಂಗಸರಲ್ಲಿ ಬೆರಳಿನ ಕೀಲುಗಳೂ, ಉಂಡೆ ಸುತ್ತುವವರಲ್ಲಿ ಮಣಿಕಟ್ಟೂ ಹೆಚ್ಚು ಬದಲಾಗಿದ್ದವು. ಸಂಡೂರಿನ ಗಣಿಗೂ ಕಸೂತಿಗೂ ಇದರ ಅನ್ವಯವನ್ನು ವಾಚಕರೇ ಊಹಿಸಬಹುದು. ಜೀನು ಯಾವ ಕೀಲು ದುರ್ಬಲವೆಂಬುದನ್ನು ಸೂಚಿಸಿದರೆ, ಯಾವುದರ ಮೇಲೆ ಎಷ್ಟು ಭಾರ ಬೀಳುವುದೆಂಬುದನ್ನು ಕಸುಬು ನಿರ್ಧರಿಸುತ್ತದೆ.

ಮೈತೂಕದಲ್ಲಿ ಇವೆರಡೂ ಒಂದನ್ನೊಂದು ಸಂಧಿಸುತ್ತವೆ. 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾದ ಕೀಲುಸವೆತದ ಜೀನುಗಳಲ್ಲಿ ಎಫ್.ಟಿ.ಓ. ಎಂಬುದೂ ಒಂದು. ಇದು ಕೀಲಿನ ಜೀನೇ ಅಲ್ಲ, ಬೊಜ್ಜಿನದು. ಬೊಜ್ಜು ಬೆಳೆಸಿ ಆ ಮೂಲಕ ಕೀಲನ್ನು ಕೆಡಿಸುತ್ತದೆ. ಹೀಗೆ ಬಳಸುದಾರಿಯಲ್ಲಿ ಬರುವ ಆನುವಂಶಿಕತೆಯನ್ನು ದಾರಿಯ ನಡುವೆ ತಡೆಯಬಹುದು. ಅಮೆರಿಕದ ಫ್ರೇಮಿಂಗ್‌ಹ್ಯಾಂ ಎಂಬ ಪಟ್ಟಣದ ಹೆಂಗಸರಲ್ಲಿ ಹತ್ತು ವರ್ಷಗಳ ಅವಧಿಯಲ್ಲಿ ಸುಮಾರು ಐದು ಕಿಲೋಗ್ರಾಂ ತೂಕ ಇಳಿದವರಿಗೆ ಮೊಣಕಾಲು ನೋವಿನ ಸವೆತ ಬರುವ ಸಂಭವ ಅರ್ಧಕ್ಕಿಂತಲೂ ಕಡಿಮೆಯಾದುದನ್ನು 1992ರ ವರದಿ ದಾಖಲಿಸಿದೆ. ಅಜ್ಜಿಗೂ ತಾಯಿಗೂ ನೋವಿರುವ ಮನೆಯ ಹುಡುಗಿಗೆ ನಾವು ಹೇಳುವ ಉತ್ತರ ಇದು: ನಿನ್ನ ಪಾಲಿಗೆ ಅಪಾಯ ಪಕ್ಕದ ಮನೆಯವಳಿಗಿಂತ ಒಂದಿಷ್ಟು ಹೆಚ್ಚು, ಅದರಲ್ಲಿ ದೊಡ್ಡ ಭಾಗ ನಿನ್ನ ತೂಕ, ತೊಡೆಯ ಸ್ನಾಯುಗಳ ಬಲ, ಮೊಣಕಾಲಿಗೆ ಪೆಟ್ಟಾಗದಂತೆ ವಹಿಸುವ ಎಚ್ಚರ, ಇವುಗಳ ಕೈಯಲ್ಲಿದೆ.

ಬೇರೆ ಉತ್ತರ ಹೇಳಬೇಕಾದ ಮನೆಗಳೂ ಉಂಟು. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವುದು ಬಳ್ಳಾರಿ, ವಿಜಯನಗರದ ಸೀಮೆಯಲ್ಲಿ ಹಳೆಯ ರೂಢಿ. ಇಂಥ ಮದುವೆಯಲ್ಲಿ ಗಂಡಹೆಂಡಿರಿಬ್ಬರೂ ಒಬ್ಬನೇ ಪೂರ್ವಿಕನಿಂದ ಒಂದೇ ಅಡಗಿದ ದೋಷವನ್ನು ಪಡೆದಿರುವ ಸಂಭವ ಹೆಚ್ಚು. ಎರಡು ಪ್ರತಿಗಳೂ ಕೆಟ್ಟಾಗ ಮಾತ್ರ ಕಾಣಿಸುವ ಕೀಲುರೋಗವೊಂದು ನಮ್ಮ ದೇಶದಲ್ಲಿ ಹಲವು ಕುಟುಂಬಗಳಲ್ಲಿ ಇದೆ. ವಿಸ್ಪ್-3 ಎಂಬ ಜೀನಿನ ದೋಷದಿಂದ ಬರುವ ಇದನ್ನು ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಗಿರೀಶ ಅವರೂ ಸಂಗಡಿಗರೂ ವಿಸ್ತಾರವಾಗಿ ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ್ದಾರೆ. ನಾಲ್ಕಾರು ವರ್ಷದ ಮಗುವಿನ ಬೆರಳಗೆಣ್ಣುಗಳು ದಪ್ಪಗಾಗಿ, ನಡಿಗೆ ಬಿಗಿಯಾಗಿ, ಸೊಂಟದ ಕೀಲು ಎಳೆಯ ವಯಸ್ಸಿನಲ್ಲಿಯೇ ಸವೆಯುತ್ತದೆ. ನೋಡುವುದಕ್ಕೆ ಇದು ಮಕ್ಕಳ ಉರಿಯೂತದ ಸಂಧಿವಾತದಂತೆಯೇ ಇರುವುದರಿಂದ ಆ ರೋಗದ ತೀಕ್ಷ್ಣ ಔಷಧಗಳನ್ನು ವರ್ಷಗಟ್ಟಲೆ ವ್ಯರ್ಥವಾಗಿ ನುಂಗಿದ ಮಕ್ಕಳಿದ್ದಾರೆ. ರಕ್ತಪರೀಕ್ಷೆಯಲ್ಲಿ ಉರಿಯೂತದ ಗುರುತು ಕಾಣದಿರುವುದೂ ಎಕ್ಸ್‌ಕಿರಣ ಚಿತ್ರದಲ್ಲಿ ಬೆನ್ನೆಲುಬಿನ ಚಪ್ಪಟೆಯಾದ ಮಣಿಗಳೂ ವೈದ್ಯರನ್ನು ಸರಿದಾರಿಗೆ ತರುತ್ತವೆ.

ಅರವತ್ತು ದಾಟಿದವರ ಮೊಣಕಾಲು ನೋವಿಗೆ ಜೀನು ಪರೀಕ್ಷೆ ಮಾಡಿಸುವುದು ಹಣದ ಪೋಲು. ಅದರಿಂದ ಚಿಕಿತ್ಸೆ ಬದಲಾಗದು. ಆದರೆ ಮೂವತ್ತರೊಳಗೆ ಸೊಂಟದ ಕೀಲು ನೋಯುವವರು, ಕುಳ್ಳಾಗಿ ಬೆಳೆದು ಕೀಲು ಬಿಗಿದವರು, ಒಂದೇ ಮನೆಯಲ್ಲಿ ಚಿಕ್ಕ ವಯಸ್ಸಿನ ಇಬ್ಬರು ಮೂವರು—ಇಂಥವರಿದ್ದರೆ ಬಳ್ಳಾರಿಯ ವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಗೆ ಹೋಗುವುದು ಲೇಸು. ಹೋಗುವ ಮುನ್ನ ಕಾಲೇಜಿನಲ್ಲಿ ಓದುವ ಹುಡುಗನೋ ಹುಡುಗಿಯೋ ಮನೆಯ ಹಿರಿಯರನ್ನು ಕೇಳಿ ಮೂರು ತಲೆಮಾರಿನ ವಂಶವೃಕ್ಷವನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಬಹುದು: ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ರಕ್ತಸಂಬಂಧದ ಮದುವೆಗೆ ಜೋಡಿಗೆರೆ, ನೋವಿರುವವರ ಗುರುತಿಗೆ ಮಸಿ ತುಂಬಿ, ಪಕ್ಕದಲ್ಲಿ ಯಾವ ಕೀಲು, ಎಷ್ಟನೆಯ ವಯಸ್ಸಿನಲ್ಲಿ ಎಂದು ಬರೆಯಬೇಕು. “ಅಜ್ಜನಿಗೆ ಕಾಲುನೋವಿತ್ತು” ಎಂದಷ್ಟೇ ಬರೆದರೆ ಸಾಲದು. ಮೊಣಕಾಲೋ ಸೊಂಟವೋ ಎಂದು ಕೇಳಿ ತಿಳಿದು ಬರೆಯಬೇಕು.